ಬೀಗರ ಫೋನಿಗೆ ಬಂದ ಸಂಖ್ಯೆ

ಗ್ಯಾಸ್ ಬಂದ್ ಮಾಡಿದ ಮೇಲೂ ರಂಜನಾ ಇನ್ನೊಮ್ಮೆ ಹೋಗಿ ಗುಂಡಿ ಮುಟ್ಟಿ ನೋಡುತ್ತಿದ್ದಳು. ಬಸ್ಸಿನ ಬೋರ್ಡು ಓದಿ ಹತ್ತಿದ ಮೇಲೂ ಕಂಡಕ್ಟರನನ್ನು ಕೇಳುತ್ತಿದ್ದಳು. ಅತ್ತೆ ಗುರವ್ವ ಇದನ್ನು ನೋಡಿ ನೋಡಿ ನಗುತ್ತಿದ್ದಳು. "ನಮ್ಮ ಸೊಸಿ ಹೊತ್ತು ಮುಳುಗಿದ್ರೂ ಒಂದ್ ಸಲ ಅಂಗಳಕ್ಕ ಹೋಗಿ ಖಾತ್ರಿ ಮಾಡ್ಕೊಂಡು ಬರ್ತಾಳ" ಎಂದು ಓಣಿಯವರಿಗೆಲ್ಲ ಹೇಳುತ್ತಿದ್ದಳು. ರಂಜನಾಳಿಗೂ ನಗು ಬರುತ್ತಿತ್ತು. ಆದರೆ ಸ್ವಭಾವ ಬಿಡುತ್ತಿರಲಿಲ್ಲ.

ನೌಕರಿಯೂ ಆ ಸ್ವಭಾವಕ್ಕೆ ಹೇಳಿ ಮಾಡಿಸಿದಂಥದ್ದೇ ಸಿಕ್ಕಿತ್ತು. ಧಾರವಾಡದಲ್ಲಿ ಕಂಪ್ಯೂಟರ್ ಓದಿ, ದೊಡವಾಡಕ್ಕೆ ಸೊಸೆಯಾಗಿ ಬಂದ ಅವಳು, ದಿನಾ ಬೈಲಹೊಂಗಲಕ್ಕೆ ಹೋಗಿ ಆರೋಗ್ಯ ಇಲಾಖೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದಳು. ಸುತ್ತಲಿನ ತಾಲೂಕುಗಳ ಆಸ್ಪತ್ರೆಗಳಿಗೆ ಒಂದೊಂದು ಕಾಲಕ್ಕೆ ಒಂದೊಂದು ಕಂಪನಿಯ ತಂತ್ರಾಂಶ ಬಂದು ಕೂತಿತ್ತು. ಕಿತ್ತೂರಿನದು ಸವದತ್ತಿಗೆ ತಿಳಿಯದು, ರಾಮದುರ್ಗದ್ದು ಬೈಲಹೊಂಗಲಕ್ಕೆ ತಿಳಿಯದು. ಈ ಕಡೆ ಹೆಣ್ಣುಮಕ್ಕಳು ಗಂಡನ ಊರಿನಲ್ಲಿ ಬಸಿರಾಗಿ ತವರಿನಲ್ಲಿ ಹಡೆಯುತ್ತಾರೆ. ಅವರ ದಾಖಲೆ ಮಾತ್ರ ಗಂಡನ ಊರಿನಲ್ಲೇ ಉಳಿದುಬಿಡುತ್ತಿತ್ತು. ಈಗ ಎಲ್ಲ ಕಂಪನಿಗಳೂ ಒಂದೇ ಮುಕ್ತ ಮಾನಕಕ್ಕೆ ಹೊಂದಿಕೊಳ್ಳಬೇಕೆಂದು ಆದೇಶವಾಗಿತ್ತು. ಹೊಂದಿದೆಯೋ ಇಲ್ಲವೋ ಎಂದು ನೋಡುವುದು ರಂಜನಾಳ ಕೆಲಸ.

"ಏನ್ ಮಾಡ್ತೀಯವಾ ನೀ ಅಲ್ಲಿ ದಿನಾ?" ಎಂದು ಗುರವ್ವ ಒಂದು ದಿನ ಕೇಳಿದಳು. "ಮಂದಿ ಕೇಳ್ತಾರ. ನನಗ ಹೇಳಾಕ ಬರೂದಿಲ್ಲ."

ರಂಜನಾ ಅಂಗಳದತ್ತ ನೋಡಿದಳು. ಗಂಡ ಶಿವಲಿಂಗ ಕಬ್ಬು ಹೇರಲು ಟ್ರ್ಯಾಕ್ಟರ್ ಸಜ್ಜು ಮಾಡುತ್ತಿದ್ದ.

"ಅತ್ತಿ, ಆ ಟ್ರ್ಯಾಲಿ ಯಾರದ್ರಿ?"

"ಬಾಜೂ ಮನಿ ವೀರಪ್ಪಂದು."

"ಟ್ರ್ಯಾಕ್ಟರ್ ನಮ್ದು. ಕಂಪನಿ ಬ್ಯಾರೆ, ಮಾಡಿದ ಊರು ಬ್ಯಾರೆ. ಹೆಂಗ ಕೂಡಿದ್ವು?"

"ಕೊಂಡಿ ಕೂಡ್ತೈತಿ. ಅದಕ್ಕೇನ್ ಸಾಲಿ ಕಲೀಬೇಕಾ?"

"ಆ ಕೊಂಡಿ ಅಳತಿ ಎಲ್ಲಾರಿಗೂ ಗೊತ್ತೈತ್ರಿ. ಯಾರ ಅಪ್ಪಣಿನೂ ಕೇಳದ ಯಾರ ಬೇಕಾದ್ರೂ ಆ ಅಳತೀಲೆ ಕೊಂಡಿ ಮಾಡಬಹುದು. ನಾವು ಆಸ್ಪತ್ರಿ ಕಾಗದಕ್ಕ ಅಂಥಾ ಕೊಂಡಿ ಹಚ್ಚಾಕತ್ತೇವಿ."

ಗುರವ್ವ ಸ್ವಲ್ಪ ಹೊತ್ತು ಟ್ರ್ಯಾಲಿಯನ್ನೇ ನೋಡಿದಳು. "ಹಂಗಾರ ನನ್ನ ಸೊಸಿ ಕೊಂಡಿ ಬಡಿಯಾಕಿ ಅಂತ ಹೇಳ್ತೇನಿ ತಗೋ."

ಕೊಂಡಿ ಬಡಿಯುವುದು ಹೇಳಿದಷ್ಟು ಸುಲಭವಿರಲಿಲ್ಲ. ಕಂಪನಿಗಳ ಕಡೆಯಿಂದ ಬರುತ್ತಿದ್ದ ಹುಬ್ಬಳ್ಳಿಯ ಅರ್ಜುನ ಒಳ್ಳೆಯ ಹುಡುಗನೇ. ಆದರೆ ಅವನಿಗೆ ಎಲ್ಲವೂ ಬೇಗ ಮುಗಿಯಬೇಕು.

"ಮೇಡಂ, 'ಇತರೆ ಮಾಹಿತಿ' ಅಂತ ದೊಡ್ಡ ಖಾನೆ ಐತಲ್ರಿ. ಮೈಗೆ ಆಗದ ಔಷಧಿ, ಹಳೇ ಬ್ಯಾನಿ, ಎಲ್ಲಾ ಅದರಾಗ ಹಾಕಿ ಕಳಿಸಿಬಿಡೂಣು. ಹೋಗೂದಂತೂ ಹೋಗತೈತಿ."

"ಎಲ್ಲಾ ಒಂದ ಕಡೆ ಹಾಕಿದ್ರ ಬೇಕಾದಾಗ ಯಾವುದೂ ಸಿಗಂಗಿಲ್ಲ. ಮೈಗೆ ಆಗದ ಔಷಧಿಗೆ ಮಾನಕದಾಗ ತನ್ನದ ಖಾನೆ ಐತಿ. ಅಲ್ಲೇ ಬರಬೇಕು."

"ನೀವು ಭಾಳ ಹೆದರ್ತೀರಿ ನೋಡ್ರಿ."

"ಹೆದರಾಕ ಪಗಾರ ಕೊಡ್ತಾರಪಾ ನನಗ" ಎಂದಳು ರಂಜನಾ.

ಆ ವಾದದಲ್ಲಿ ಅವಳು ಗೆದ್ದಳು. ಇನ್ನೊಂದರಲ್ಲಿ ಸೋತಳು. ಬೇರೆ ಆಸ್ಪತ್ರೆಯ ದಾಖಲೆ ತೆರೆಯಬೇಕಾದರೆ ರೋಗಿಯ ಫೋನಿಗೆ ಒಟಿಪಿ ಹೋಗಿ, ಅದನ್ನು ಹಾಕಿದರೆ ಮಾತ್ರ ತೆರೆಯುತ್ತಿತ್ತು. ಯಾರ ಗುಟ್ಟೂ ಯಾರ ಕೈಗೂ ಸಿಗಬಾರದಲ್ಲ. ಜೀವಕ್ಕೆ ಬಂದಾಗ ಡಾಕ್ಟರು ತಮ್ಮ ಹೆಸರು, ಕಾರಣ ಬರೆದು ನೇರವಾಗಿ ತೆರೆಯುವ ತುರ್ತು ದಾರಿಯೂ ಮಾನಕದಲ್ಲಿತ್ತು. "ಅದು ಮುಂದಿನ ಕಂತಿನಾಗ ಬರ್ತೈತ್ರಿ" ಎಂದ ಅರ್ಜುನ. ಮೇಲಿನವರೂ ಹೂಂ ಅಂದರು. ರಂಜನಾಳಿಗೆ ಮಾತ್ರ ಒಳಗೆ ಅದು ಚುಚ್ಚುತ್ತಲೇ ಇತ್ತು.

ಅದೇ ದಿನಗಳಲ್ಲಿ ನಾದಿನಿ ಮಧುವಿನ ಕುಬಸ ಬಂತು. ಮಧುವನ್ನು ರಾಮದುರ್ಗ ತಾಲೂಕಿನ ತೊರಗಲ್ಲಿಗೆ ಕೊಟ್ಟಿದ್ದರು. ಮೊದಲ ಬಸಿರಿನ ಸೀಮಂತ. ದೊಡವಾಡದವರೆಲ್ಲ ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ, ಗುಳೇದಗುಡ್ಡದ ಖಣ, ಬಳೆ ಹಿಡಿದುಕೊಂಡು ಟೆಂಪೋದಲ್ಲಿ ಹೋದರು. ಉಡಿ ತುಂಬಿ, ಆರತಿ ಮಾಡಿ, ಊಟ ಮುಗಿಸಿ ಮಗಳನ್ನು ತವರಿಗೆ ಕರೆತರುವುದು ಪದ್ಧತಿ.

ಮಧುವಿನ ಮಾವ ಬಸವಣ್ಣೆಪ್ಪನವರು ಎತ್ತರದ ಆಳು. ಮೀಸೆ ತಿರುವಿ, ಹೊಸ ಧೋತರ ಉಟ್ಟು, ಪಡಸಾಲೆಯ ಕಟ್ಟೆಯ ಮೇಲೆ ಕೂತವರು ಆರತಿಗೂ ಏಳಲಿಲ್ಲ. ಫೋಟೋಕ್ಕೆ ಕರೆದರೆ "ಇಲ್ಲೇ ಚಲೋ ಐತಿ, ನೀವು ತಕ್ಕೋರಿ" ಎಂದರು. ಅವರ ಹೆಂಡತಿ ರಾಚವ್ವ ಸಿಡಿಮಿಡಿಗೊಂಡಳು. "ಬೀಗರಿಗೆ ಕಟ್ಟೀನ ಉಡುಗೊರಿ ಬಂದಂಗ ಐತಿ, ಬಿಟ್ಟು ಏಳವಲ್ರು" ಎಂದು ದೊಡವಾಡದ ಹೆಂಗಸರು ಕಾಡಿಸಿದರು. ಬಸವಣ್ಣೆಪ್ಪನವರು ನಗಲೂ ಇಲ್ಲ, ಏಳಲೂ ಇಲ್ಲ.

ರಂಜನಾ ದೂರದಿಂದ ನೋಡಿದಳು. ಅವರ ಒಂದು ಕೈ ಬೆನ್ನ ಹಿಂದೆ, ಸೊಂಟದ ಹತ್ತಿರ ಧೋತರವನ್ನು ಒತ್ತಿ ಹಿಡಿದಿತ್ತು. ಬಾಗಿಲ ಮೊಳೆಗೋ ಎಲ್ಲಿಗೋ ಸಿಕ್ಕಿ ಹರಿದಿರಬೇಕು. ಅವಳು ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಎಲೆ ಅಡಿಕೆಯ ತಾಟಿನಲ್ಲಿ ಎಲೆಯ ಕೆಳಗಿಟ್ಟು, "ಎಲಿ ತಗೋರಿ ಮಾವಾರ" ಎಂದು ಮುಂದೆ ಹಿಡಿದಳು. ಅವರು ಎಲೆ ಎತ್ತಿದರು, ಕೆಳಗೆ ನೋಡಿದರು, ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಫೋಟೋದಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಂತರು. ಈ ಸುದ್ದಿಯನ್ನು ರಂಜನಾ ಶಿವಲಿಂಗನಿಗೂ ಹೇಳಲಿಲ್ಲ.

ಮಧು ದೊಡವಾಡಕ್ಕೆ ಬಂದಳು. ಡಾಕ್ಟರು ಹೇಳಿದ ದಿನ ಇನ್ನೂ ದೂರವಿತ್ತು. ಆದರೆ ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಹೆರಿಗೆ ಬ್ಯಾನಿ ಶುರುವಾಯಿತು. ಶಿವಲಿಂಗ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿದ್ದ. ವೀರಪ್ಪನ ಕಾರಿನಲ್ಲಿ ಮೂವರು ಹೆಂಗಸರು ತಾಲೂಕಿನ ಆಸ್ಪತ್ರೆಗೆ ಹೊರಟರು. ಅವಸರದಲ್ಲಿ ಮಧುವಿನ ಫೋನು ಮನೆಯಲ್ಲೇ ಉಳಿಯಿತು.

"ತೊರಗಲ್ಲಿಗೆ ಹೇಳಬೇಕಲ್ರಿ ಅತ್ತಿ" ಎಂದಳು ರಂಜನಾ.

"ಹಡದ ಮ್ಯಾಲೆ ಸಿಹಿ ಸುದ್ದಿನ ಹೇಳೂಣು. ಈಗ ಅವರಿಗೆ ಗಾಬರಿ ಎದಕ್ಕ?" ಎಂದಳು ಗುರವ್ವ.

ಆಸ್ಪತ್ರೆಯಲ್ಲಿ ಮಾಲಾ ಸಿಸ್ಟರ್ ಮಧುವಿನ ತಾಯಿ ಕಾರ್ಡ್ ನೋಡುತ್ತ ಒಂದೊಂದೇ ಕೇಳಿದರು. "ಯಾವುದರ ಸೂಜಿ, ಗುಳಿಗಿ ಮೈಗೆ ಆಗೂದಿಲ್ಲೇನು?"

"ಏನೂ ಇಲ್ರಿ. ನನ್ನ ಮಗಳು ಗಟ್ಟಿ ಅದಾಳ" ಎಂದು ಗುರವ್ವನೇ ಉತ್ತರ ಕೊಟ್ಟಳು.

ರಂಜನಾಳ ಕಣ್ಣು ಮಧುವಿನ ಮೇಲಿತ್ತು. ಮಧು ಗೋಡೆಯ ಕಡೆ ಮುಖ ತಿರುಗಿಸಿದಳು. ಅಷ್ಟೇ ಸಾಕಾಯಿತು. "ಅತ್ತಿ, ಒಂದಿಷ್ಟು ಬಿಸಿನೀರು ತರ್ರಿ" ಎಂದು ಅತ್ತೆಯನ್ನು ಹೊರಗೆ ಕಳಿಸಿ, ಹತ್ತಿರ ಕೂತಳು.

"ಈಗ ಹೇಳು."

"ಅವ್ವಗ ಹೇಳಬ್ಯಾಡ್ರಿ ವೈನಿ."

"ಹೇಳಂಗಿಲ್ಲ."

"ಐದನೇ ತಿಂಗಳಾಗ ಜ್ವರ ಬಂದಿತ್ರಿ. ರಾಮದುರ್ಗದ ಕಡೆ ಆಸ್ಪತ್ರಿಗೆ ಕರಕೊಂಡು ಹೋದ್ರು. ಎರಡು ಸೂಜಿ ಮಾಡಿದ್ರು. ಆಮ್ಯಾಲೆ ನಾಲಿಗಿ ದಪ್ಪ ಆತು, ಉಸುರು ಕಟ್ತು. ಕಣ್ ಬಿಟ್ಟಾಗ ಅತ್ತಿ ನನ್ನ ತಲಿ ತೊಡಿ ಮ್ಯಾಲೆ ಇಟ್ಕೊಂಡು ಅಳಾಕತ್ತಿದ್ರು."

"ಯಾವ ಸೂಜಿಲೆ ಹಂಗಾತು?"

"ಗೊತ್ತಿಲ್ರಿ. ಅವಸರದಾಗ ಕಾರ್ಡೂ ಒಯ್ದಿದ್ದಿಲ್ಲ. ಅದರಾಗ ಬರದಿಲ್ಲ."

ಯಾಕೆ ಹೇಳಲಿಲ್ಲ ಎಂದು ರಂಜನಾ ಕೇಳಲಿಲ್ಲ. ಬಸುರಿ ಮಗಳು ತಾಯಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಸೊಸೆಯಾದವಳು ಗಂಡನ ಮನೆಯಲ್ಲಿ ಆದದ್ದನ್ನು ತವರಿನಲ್ಲಿ ಬಿಚ್ಚುವುದಿಲ್ಲ. ಮಧು ಎರಡನ್ನೂ ಪಾಲಿಸಿದ್ದಳು.

ಡಾಕ್ಟರ್ ಮೇಡಂ ಬಂದು ಪರೀಕ್ಷೆ ಮಾಡಿ, ಸೂಜಿಯ ಸಂಗತಿಯನ್ನೂ ಮಧುವಿನಿಂದಲೇ ಕೇಳಿಕೊಂಡರು. ಅವರ ಮುಖ ಸಣ್ಣದಾಯಿತು. ರಂಜನಾಳನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದರು. "ಕೂಸಿನ ಎದಿ ಬಡಿತ ಇಳ್ಯಾಕತ್ತೇತಿ. ಆಪರೇಷನ್ ಮಾಡಬೇಕು. ಅದಕ್ಕ ಮೊದಲ ಒಂದು ಇಂಜೆಕ್ಷನ್ ಕೊಡಬೇಕು. ನನ್ನ ಕಡೆ ಎರಡು ಥರದ್ದು ಅದಾವು. ನಿಮ್ಮ ನಾದಿನಿ ಹೇಳಿದ್ದು ಕೇಳಿದ್ರ ಅದರಾಗಿಂದ ಒಂದು ಆಕಿಗೆ ಆಗಿಲ್ಲ ಅನಸ್ತೈತಿ. ಯಾವುದು ಅಂತ ತಿಳೀದ ನಾ ಕೊಡಂಗಿಲ್ಲ. ಧಾರವಾಡಕ್ಕ ಕಳಸಬಹುದು. ಆದ್ರ ದಾರಿ ಮ್ಯಾಲೆ ಏನಾಗತೈತಿ ಹೇಳಾಕ ಬರೂದಿಲ್ಲ."

ರಂಜನಾ ರಾಮದುರ್ಗದ ಕಡೆಯ ಆ ಆಸ್ಪತ್ರೆಗೆ ಫೋನ್ ಹಚ್ಚಿದಳು. ದಾಖಲೆ ನೋಡುವವರು ಸೋಮವಾರ ಬರುತ್ತಾರೆ, ಫೋನಿನಲ್ಲಿ ಹೇಳುವ ಹಾಗೂ ಇಲ್ಲ ಎಂಬ ಉತ್ತರ ಬಂತು. ಅದು ಸರಿಯಾದ ಉತ್ತರವೇ. ಉಳಿದದ್ದು ಒಂದೇ ದಾರಿ.

ಮಾಲಾ ಸಿಸ್ಟರ್ ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ರಂಜನಾ ಮಧುವಿನ ಆರೋಗ್ಯ ಸಂಖ್ಯೆ ಹಾಕಿದಳು. ಪರದೆಯ ಮೇಲೆ ಚಕ್ರ ತಿರುಗಿತು. ಇನ್ನೊಂದು ಆಸ್ಪತ್ರೆಯಲ್ಲಿ ದಾಖಲೆ ಇದೆ ಎಂದು ಬಂತು. ಒಂದು ಕಂಪನಿಯ ತಂತ್ರಾಂಶ ಇನ್ನೊಂದನ್ನು ಗುರುತಿಸಿತ್ತು. ಮರುಕ್ಷಣ ಮತ್ತೊಂದು ಸಾಲು ಬಂತು, ಒಪ್ಪಿಗೆಗಾಗಿ ಒಟಿಪಿ ಕಳುಹಿಸಲಾಗಿದೆ ಎಂದು. ಜೊತೆಗೆ ಫೋನ್ ನಂಬರಿನ ಕೊನೆಯ ಅಂಕಿಗಳು. ಅವು ಮಧುವಿನ ನಂಬರಿನವಲ್ಲ.

ಆಪರೇಷನ್ ಕೋಣೆಗೆ ಒಯ್ಯುವ ಗಾಡಿಯ ಮೇಲಿದ್ದ ಮಧುವನ್ನು ಓಡಿ ಹೋಗಿ ಕೇಳಿದಳು.

"ಅದು ಮಾವಾರ ನಂಬರ್ರೀ ವೈನಿ" ಎಂದಳು ಮಧು, ಬ್ಯಾನಿಯ ನಡುವೆ. "ಹೆಸರು ಬರಸುವಾಗ ಮನಿ ಹಿರ್ಯಾರ ನಂಬರ ಕೊಡಬೇಕು ಅಂದ್ರು ಅತ್ತಿ."

ಹೌದು, ಕೊಡುವುದು ಹಾಗೆಯೇ. ಕಬ್ಬಿನ ಫ್ಯಾಕ್ಟರಿಯ ಮೆಸೇಜು, ರೇಷನ್ನು, ಕರೆಂಟ್ ಬಿಲ್ಲು, ಸೊಸೆಯ ಬಸಿರು, ಎಲ್ಲಕ್ಕೂ ಯಜಮಾನರ ನಂಬರು. ಬೇರೆ ನಂಬರು ಕೊಟ್ಟರೆ ಹಿರಿಯರನ್ನು ಬಿಟ್ಟ ಹಾಗೆ. ಇಷ್ಟು ದಿನ ಒಂದೊಂದು ಖಾನೆಗೂ ಹೆದರಿದ ರಂಜನಾ ಈ ಖಾನೆಗೆ ಮಾತ್ರ ಹೆದರಿರಲಿಲ್ಲ.

ಮಧುವಿನ ಗಂಡ ಸಿದ್ಧಾರೂಢನ ಫೋನು ಹತ್ತಲಿಲ್ಲ. ಬಸವಣ್ಣೆಪ್ಪನವರ ನಂಬರು ಗುರವ್ವನ ಚೀಲದ ಚೀಟಿಯಲ್ಲಿತ್ತು. ಬೀಗರ ಮಾತುಕತೆ ಎಲ್ಲ ಶಿವಲಿಂಗನ ಫೋನಿನಿಂದಲೇ ಆಗುತ್ತಿತ್ತು. ರಂಜನಾ ತನ್ನ ಫೋನಿನಿಂದ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಯಾರು?"

"ಮಾವಾರ, ನಾನ್ರಿ, ದೊಡವಾಡದ ರಂಜನಾ. ಮಧುಗ ಬ್ಯಾನಿ ಬಂದಾವು, ಆಸ್ಪತ್ರ್ಯಾಗ ಅದೇವಿ. ನಿಮ್ಮ ಫೋನಿಗೆ ಈಗ ಒಂದು ಒಟಿಪಿ ಬಂದಿರತೈತಿ, ಅದನ್ನ—"

"ಹಾಂ, ಬಂತು ನೋಡು" ಎಂದರು ಬಸವಣ್ಣೆಪ್ಪನವರು, ಕಳ್ಳನನ್ನು ಹಿಡಿದವರ ಸಮಾಧಾನದಲ್ಲಿ. "ಇದನ್ನ ಕಾಯಾಕತ್ತಿದ್ದೆ ನಾ. ಮೊನ್ನೆ ನಮ್ಮೂರ ಲಗಮಣ್ಣಗ ಹಿಂಗ ಹೇಳಿದ್ರು, ನಿನ್ನ ಮಗ ಆಸ್ಪತ್ರ್ಯಾಗ ಅದಾನ, ಒಟಿಪಿ ಹೇಳು ಅಂತ. ಬ್ಯಾಂಕಿನ್ಯಾಗ ಇದ್ದದ್ದೆಲ್ಲಾ ತೊಳಕೊಂಡು ಹೋತು. ನಮ್ಮ ಸೊಸಿಗೆ ಇನ್ನೂ ದಿನಾ ಅದಾವು. ಯಾವೂರಾಕಿ ನೀ?"

ಬಿಸಿನೀರು ತಂದು ಪಕ್ಕದಲ್ಲೇ ನಿಂತಿದ್ದ ಗುರವ್ವ ಫೋನ್ ಕಿತ್ತುಕೊಂಡಳು. "ಬೀಗರ, ನಾ ಗುರವ್ವ ಮಾತಾಡಾಕತ್ತೇನ್ರಿ. ಖರೇ ಐತ್ರಿ. ಡಾಕ್ಟರ್ ಹಳೇ ದಾಖಲಿ ಕೇಳಾಕತ್ತಾರ."

"ದನಿ ಬೀಗಿತಿದ ಐತಿ" ಎಂದರು ಬಸವಣ್ಣೆಪ್ಪನವರು. "ಆದ್ರ ಈಗ ದನೀನೂ ತಯಾರ ಮಾಡ್ತಾರಂತ, ಟಿವ್ಯಾಗ ತೋರಿಸ್ಯಾರ. ಯಾರಿಗೂ ಹೇಳಬ್ಯಾಡ್ರಿ ಅಂತ ಮೆಸೇಜಿನ್ಯಾಗ ಬರದಾರ. ಹೇಳಂಗಿಲ್ಲ."

ಡಾಕ್ಟರ್ ಮೇಡಂ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ಆಂಬುಲೆನ್ಸ್ ತಯಾರಿಡಲು ಯಾರಿಗೋ ಹೇಳಿದರು.

ರಂಜನಾಳಿಗೆ ಬಸವಣ್ಣೆಪ್ಪನವರ ಮೇಲೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ತಾನೂ ಹೇಳುತ್ತಿರಲಿಲ್ಲ. ತನ್ನಂಥವರೇ ಅವರು. ಗ್ಯಾಸಿನ ಗುಂಡಿಯನ್ನು ಎರಡು ಸಲ ಮುಟ್ಟಿ ನೋಡುವವರು. ಅಂಥವರಿಗೆ ಏನು ಬೇಕೆಂದು ಅವಳಿಗೆ ಗೊತ್ತಿತ್ತು.

"ಮಾವಾರ" ಎಂದಳು. "ನೀವು ಹೆದರೂದು ಬರೋಬರಿ ಐತಿ. ನಂಬಬ್ಯಾಡ್ರಿ. ನನಗ ಒಬ್ಬಾಕಿಗೇ ಗೊತ್ತಿರೂ ಮಾತು ಏನರ ಇದ್ರ ಅದನ್ನ ಕೇಳ್ರಿ."

ಕಟ್ ಮಾಡಿದರೇನೋ ಎಂದು ಅವಳು ಫೋನಿನ ಪರದೆ ನೋಡಿದಳು. ಮಾಡಿರಲಿಲ್ಲ.

"ಕುಬಸದ ದಿನ" ಎಂದರು ಬಸವಣ್ಣೆಪ್ಪನವರು, ದನಿ ತಗ್ಗಿಸಿ. "ನೀ ನಮ್ಮ ರಂಜನವ್ವ ಆಗಿದ್ರ ಹೇಳು. ಎಲಿ ಅಡಿಕಿ ತಾಟಿನಾಗ ಏನಿತ್ತು?"

ಸುತ್ತ ಗುರವ್ವ, ಮಾಲಾ ಸಿಸ್ಟರ್, ವೀರಪ್ಪ ಎಲ್ಲರೂ ಫೋನಿನತ್ತ ಬಾಗಿದ್ದರು. ರಂಜನಾ ಸ್ಪೀಕರ್ ತೆಗೆದಳು. ಕಿಟಕಿಯ ಹತ್ತಿರ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದಳು.

"ಪಿನ್ನು, ಮಾವಾರ. ಎಲಿ ಕೆಳಗ."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿತು. "ಯವ್ವಾ, ನೀನ. ಹೆಂಗದಾಳ ನಮ್ಮ ಹುಡುಗಿ?"

"ನೀವು ನಂಬರ ಹೇಳಿದ್ರ ಚಲೋ ಆಗತಾಳ್ರಿ."

"ಮಾತಾಡಕೋತ ಮೆಸೇಜ್ ತಗ್ಯಾಕ ಬರೂದಿಲ್ಲ ನನಗ. ಇಡು ಫೋನು. ನಾ ಹಚ್ಚತೇನಿ."

ಫೋನು ಇಟ್ಟರು. ಒಟಿಪಿಯ ಅವಧಿ ಪರದೆಯ ಮೂಲೆಯಲ್ಲಿ ಕರಗುತ್ತಿತ್ತು. ಅವರಿಗೆ ಕನ್ನಡಕ ಸಿಗದಿದ್ದರೆ? ತಪ್ಪು ಮೆಸೇಜು ತೆರೆದರೆ? ಮತ್ತೆ ಅನುಮಾನ ಬಂದರೆ? ರಂಜನಾಳ ತಲೆಯಲ್ಲಿ ಇಂಥ ಪ್ರಶ್ನೆಗಳಿಗೆ ಎಂದೂ ಬರವಿರಲಿಲ್ಲ. ಫೋನು ರಿಂಗಾಯಿತು.

ಬಸವಣ್ಣೆಪ್ಪನವರು ಒಂದೊಂದು ಅಂಕಿಯನ್ನೂ ಹೇಳಿ, ಅವಳು ತಿರುಗಿ ಹೇಳಿದ ಮೇಲೆಯೇ ಮುಂದಿನದಕ್ಕೆ ಹೋದರು. ಕೊನೆಯ ಅಂಕಿ ಒತ್ತಿದ್ದೇ ಪರದೆ ಬದಲಾಯಿತು. ರಾಮದುರ್ಗದ ಕಡೆ ಬರೆದ ದಾಖಲೆ ಬೈಲಹೊಂಗಲದಲ್ಲಿ ತೆರೆದುಕೊಂಡಿತು. 'ಇತರೆ ಮಾಹಿತಿ'ಯಲ್ಲಿ ಬೆಟ್ಟದಷ್ಟು ಬರೆದಿತ್ತು. ಅದನ್ನು ಓದಲು ಯಾರಿಗೂ ಪುರಸೊತ್ತಿರಲಿಲ್ಲ. ಅದರ ಮೇಲೆ, ತನ್ನದೇ ಖಾನೆಯಲ್ಲಿ, ಕೆಂಪು ಅಕ್ಷರದಲ್ಲಿ ಒಂದೇ ಸಾಲು ಇತ್ತು. ಔಷಧಿಯ ಹೆಸರು, ಏನಾಯಿತು, ಎಷ್ಟು ತೀವ್ರ, ಯಾರು ನೋಡಿದರು.

ಡಾಕ್ಟರ್ ಮೇಡಂ ಅವಳ ಹೆಗಲ ಮೇಲಿಂದ ಬಾಗಿ ಓದಿದರು. "ಇದ ಕೊಡಾಕ ತಗದಿಟ್ಟಿದ್ದೆ ನಾ" ಎಂದರು. ಆಮೇಲೆ ದನಿ ಎತ್ತಿ, "ಮಾಲಾ, ಅದನ್ನ ವಾಪಸ್ ಇಡು. ಇನ್ನೊಂದು ತಗೊಂಡು ಬಾ. ಇಲ್ಲೇ ಮಾಡೂಣು" ಎಂದು ಒಳಗೆ ನಡೆದರು.

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕೂತು ರಂಜನಾ ಆ ಬಾಗಿಲನ್ನೇ ನೋಡಿದಳು. ಬಿಸಿಲು ಕಿಟಕಿಯಿಂದ ಇಳಿದು ಎದುರಿನ ಗೋಡೆ ಹತ್ತುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಸಣ್ಣದು, ಆಮೇಲೆ ಜೋರು.

"ಹೆಣ್ಣು" ಎಂದರು ಮಾಲಾ ಸಿಸ್ಟರ್ ಬಾಗಿಲು ತೆರೆದು. "ತಾಯಿ ಮಗಳು ಇಬ್ಬರೂ ಆರಾಮ್ ಅದಾರ."

ಗುರವ್ವ ಕೈ ಮುಗಿದಳು. ಆಮೇಲೆ ಸೊಸೆಯ ಮುಖ ನೋಡಿ ಗಾಬರಿಯಾದಳು. "ಯಾಕವಾ, ನಗಬೇಕಾದಾಗ ಅಳಾಕತ್ತಿಯಲ್ಲ?"

"ನಗಾಕತ್ತೇನ್ರಿ ಅತ್ತಿ" ಎಂದಳು ರಂಜನಾ. ಎರಡೂ ನಿಜವಾಗಿತ್ತು. ವೀರಪ್ಪ ಯಾವಾಗಲೋ ತಂದಿಟ್ಟಿದ್ದ ಚಹಾ ಆರಿ ಹೋಗಿತ್ತು. ಅದನ್ನೇ ಕುಡಿದಳು. ಇಷ್ಟು ರುಚಿಯಾದ ಚಹಾ ಕುಡಿದ ನೆನಪೇ ಅವಳಿಗಿರಲಿಲ್ಲ.

ಮರುದಿನ ಮುಂಜಾನೆ ಅವಳು ಅರ್ಜುನನಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದಳು. ಅವನು ಎಂದಿನ ಹಾಗೆ ಎದುರು ಮಾತಾಡಲಿಲ್ಲ. "ತುರ್ತು ದಾರಿ ಈ ಕಂತಿನಾಗ ಹಾಕ್ತೇವ್ರಿ ಮೇಡಂ" ಎಂದ.

"ಇನ್ನೊಂದೈತಿ. ಫೋನ್ ನಂಬರಿನ ಬಾಜೂಕ 'ಈ ನಂಬರು ಯಾರದು' ಅಂತ ಮಾನಕದಾಗ ಒಂದು ಖಾನೆ ಐತಲ್ಲ, ಖಾಲಿ ಬಿಟ್ರೂ ನಡೀತೈತಿ ಅಂತ ಬಿಟ್ಟಿದ್ವಿ. ಅದನ್ನ ಇನ್ನ ಖಾಲಿ ಬಿಡಾಕ ಬರಬಾರದು."

"ಬರದಂಗ ಮಾಡ್ತೇನ್ರಿ. ಮತ್ತೇನರ ಹೆದರಿಕಿ ಅದಾವೇನ್ರಿ?"

"ಭಾಳ ಅದಾವು. ನಾಳೆ ಬಾ, ಹೇಳ್ತೇನಿ."

ಫೋನು ಇಡುವಷ್ಟರಲ್ಲಿ ಬಸವಣ್ಣೆಪ್ಪನವರು ರಾಚವ್ವನ ಜೊತೆ ಬಂದರು. ಮಗ ಸಿದ್ಧಾರೂಢ ಹಿಂದೆ ಬುತ್ತಿ ಹೊತ್ತುಕೊಂಡಿದ್ದ. ರಾಚವ್ವ ಸೀದಾ ಮೊಮ್ಮಗಳ ಹತ್ತಿರ ಹೋಗಿ ಕೂತಳು. ಬಸವಣ್ಣೆಪ್ಪನವರು ಬಾಗಿಲಲ್ಲೇ ನಿಂತು ಕೂಸಿನ ಮುಖ ನೋಡಿ, ಮೀಸೆ ಮುಟ್ಟಿಕೊಂಡು, ರಂಜನಾಳ ಕಡೆ ತಿರುಗಿದರು.

"ಇನ್ನ ಮ್ಯಾಲೆ ಮಧೂನ ನಂಬರ ಹಾಕವಾ ಆಕಿ ದಾಖಲಿಗೆ. ನನ್ನದು ತಗದ ಬಿಡು. ಪ್ರತೀ ಸಲ ಇಂಥಾ ಪರೀಕ್ಷಾ ಬರಿಯಾಕ ಯಾರಿಗಾಗತೈತಿ?"

"ಹಾಕ್ತೇನ್ರಿ ಮಾವಾರ."

"ಬೀಗರ" ಎಂದಳು ಗುರವ್ವ, ನಿನ್ನೆಯಿಂದ ಹಿಡಿದಿಟ್ಟುಕೊಂಡಿದ್ದ ಕುತೂಹಲದಲ್ಲಿ. "ನೀವು ಕೇಳಿದ್ರಲ್ಲ, ಎಲಿ ಅಡಿಕಿ ತಾಟಿನಾಗ ಏನಿತ್ತು ಅಂತ. ನಮ್ಮ ಸೊಸಿ ಕಿಟಕಿ ಕಡೆ ಹೋಗಿ ಹೇಳಿದ್ಲು. ಏನಿತ್ರಿ?"

ಬಸವಣ್ಣೆಪ್ಪನವರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಸುಣ್ಣ ರೀ ಅತ್ತಿ" ಎಂದಳು ರಂಜನಾ. "ಸುಣ್ಣ ಹೆಚ್ಚಾಗಿತ್ತು."

"ಇಷ್ಟಕ್ಕ?" ಎಂದಳು ಗುರವ್ವ. ನಂಬಿದಂತೆ ಕಾಣಲಿಲ್ಲ.

ಬಸವಣ್ಣೆಪ್ಪನವರು ಫೋನನ್ನು ಅಂಗಿಯ ಜೇಬಿಗೆ ಇಳಿಸಿದರು. ಬಗ್ಗಿ ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು, ಅದು ಬೀಳದಿರಲೆಂದು ಜೇಬಿನ ಬಾಯಿಗೆ ಪಿನ್ನು ಹಾಕಿದರು. ಹಾಕಿದ ಮೇಲೆ ಬೆರಳಿನಿಂದ ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆ ಪಿನ್ನನ್ನು ರಂಜನಾ ಗುರುತಿಸಿದಳು.